ಅರಿವಿಗಾಗಿ ಕಾಯುವ ಗುರುತ್ವ

ಅಮೆರಿಕದ ನೈರುತ್ಯ ಭಾಗದ ಮರುಭೂಮಿ. ರೋಡ್ ರನ್ನರ್ ಹಕ್ಕಿಯ ಬೆನ್ನಟ್ಟಿ ಕಯೋಟಿ ಎಂಬ ತೋಳದ ಬಳಗದ ಪ್ರಾಣಿ ಓಡುತ್ತಿದೆ. ದಾರಿ ಮುಗಿಯುತ್ತದೆ, ಓಟ ಮುಗಿಯುವುದಿಲ್ಲ. ಬಂಡೆಯ ಅಂಚು ದಾಟಿದರೂ ಕಾಲುಗಳು ಶೂನ್ಯವನ್ನೇ ತುಳಿಯುತ್ತಿರುತ್ತವೆ. ಆಮೇಲೆ ಕಯೋಟಿ ಕೆಳಗೆ ನೋಡುತ್ತದೆ. ನೋಡಿದ ಮೇಲೆಯೇ ಬೀಳುತ್ತದೆ. ಕಾರ್ಟೂನ್ ಚಿತ್ರಗಳ ನಿರ್ದೇಶಕ ಚಕ್ ಜೋನ್ಸ್ 1949ರಲ್ಲಿ ತೆರೆಗೆ ತಂದ ಈ ಜೋಡಿಯನ್ನು ಕಂಡು ತಲೆಮಾರುಗಳೇ ನಕ್ಕಿವೆ.

ನಮ್ಮ ಲೋಕದ ಗುರುತ್ವಾಕರ್ಷಣೆಗೆ ಇಂಥ ದಾಕ್ಷಿಣ್ಯವಿಲ್ಲ. ಆಧಾರ ತಪ್ಪಿದ ವಸ್ತು ಆ ಕ್ಷಣದಿಂದಲೇ ಇಳಿಯತೊಡಗುತ್ತದೆ. ಮೊದಲ ಸೆಕೆಂಡಿನಲ್ಲಿ ಸುಮಾರು 4.9 ಮೀಟರ್ ಕೆಳಗೆ ಬಂದಿರುತ್ತದೆ. ಬಲ್ಲವರು, ಅರಿಯದವರು ಎಂಬ ಭೇದ ಗುರುತ್ವಕ್ಕಿಲ್ಲ. ಕಾರ್ಟೂನಿನ ಲೋಕದಲ್ಲಿ ಮಾತ್ರ ನಿಯಮವು ಅರಿವಿಗಾಗಿ ಕಾಯುತ್ತದೆ.

ಆದರೂ ಆ ಲೋಕ ನಮಗೆ ಅಪರಿಚಿತವೆನಿಸುವುದಿಲ್ಲ. ಆದಾಯವನ್ನು ಮೀರಿದ ವೆಚ್ಚ ಕೆಲಕಾಲ ಸುಖವಾಗಿಯೇ ಸಾಗುತ್ತದೆ. ವಿಶ್ರಾಂತಿ ಕಾಣದ ದೇಹ ಕೆಲಕಾಲ ದೂರುವುದಿಲ್ಲ. ಒಲವು ಬತ್ತಿದ ಸಂಬಂಧವೂ ಅಭ್ಯಾಸದ ಬಲದಿಂದ ನಡೆಯುತ್ತಿರುತ್ತದೆ. ನೆಲ ಎಂದೋ ಮುಗಿದಿದೆ, ನಾವಿನ್ನೂ ಬಿದ್ದಿಲ್ಲ. ಈ ಅಂತರವನ್ನೇ ನಾವು ಕ್ಷೇಮವೆಂದು ಭಾವಿಸುತ್ತೇವೆ.

ಹಾಗಾಗಿಯೇ ಕೆಳಗೆ ನೋಡಲು ನಮಗೆ ಭಯ. ರೋಗವನ್ನು ಹೆಸರಿಸಿದ ವೈದ್ಯರು ಅಪ್ರಿಯರಾಗುತ್ತಾರೆ. ಲೆಕ್ಕ ತೋರಿಸಿದ ಸ್ನೇಹಿತರು ದೂರವಾಗುತ್ತಾರೆ. ನೋಟವೇ ಪತನಕ್ಕೆ ಕಾರಣವೆಂಬ ಭ್ರಮೆ ನಮ್ಮೆಲ್ಲರಲ್ಲಿಯೂ ಇದೆ. ಆದರೆ ಕಯೋಟಿಯ ಪತನ ಅಂಚು ದಾಟಿದಾಗಲೇ ನಿಶ್ಚಿತವಾಗಿತ್ತು. ಅದೇ ನೋಟ ನಾಲ್ಕು ಹೆಜ್ಜೆ ಮೊದಲು ಹರಿದಿದ್ದರೆ ರಕ್ಷೆಯಾಗುತ್ತಿತ್ತು. ಅರಿವು ಯಾರನ್ನೂ ಬೀಳಿಸುವುದಿಲ್ಲ. ತಡವಾಗಿ ಬಂದ ಅರಿವು ಬೀಳುವುದನ್ನು ತಡೆಯಲಾರದು, ಅಷ್ಟೆ.

ಜೋನ್ಸ್ ತಮ್ಮ ಈ ಚಿತ್ರಗಳ ನಿಯಮಗಳನ್ನು ಬರೆದಿಟ್ಟಿದ್ದಾರೆ. ಸಾಧ್ಯವಾದಲ್ಲೆಲ್ಲ ಗುರುತ್ವವೇ ಕಯೋಟಿಯ ಪರಮ ಶತ್ರುವಾಗಿರಬೇಕು ಎಂಬುದು ಒಂದು. ಕಯೋಟಿ ಬಯಸಿದಾಗ ನಿಲ್ಲಬಹುದು, ಅದರ ಹಟವೇ ನಿಲ್ಲಗೊಡುವುದಿಲ್ಲ ಎಂಬುದು ಇನ್ನೊಂದು. ಎರಡನೆಯದರಲ್ಲಿ ಕರುಣೆ ಇದೆ. ಅಲ್ಲಿ ಯಾರೂ ಯಾರನ್ನೂ ಪ್ರಪಾತಕ್ಕೆ ತಳ್ಳುವುದಿಲ್ಲ. ಬಯಕೆಯ ವೇಗದಲ್ಲಿ ಕಣ್ಣು ಮುಂದಿನದನ್ನಷ್ಟೇ ಕಾಣುತ್ತದೆ, ಕಾಲಡಿಯದನ್ನು ಮರೆಯುತ್ತದೆ. ಈ ಮರೆವು ಮನುಷ್ಯಸಹಜ. ಕಯೋಟಿಯನ್ನು ಕಂಡು ನಗುವಾಗ ನಮ್ಮ ಹೃದಯ ತುಸು ಮಿಡಿಯುವುದೂ ಇದರಿಂದಲೇ.

ಮುಂದಿನ ದೃಶ್ಯದಲ್ಲಿ ಕಯೋಟಿ ಅಕ್ಷತವಾಗಿ ಏಳುತ್ತದೆ. ಆ ವರ ನಮಗಿಲ್ಲ. ಆದರೆ ಹಿಂದಿರುಗುವ ಅವಕಾಶ ನಮಗೆ ಅನೇಕ ಸಲ ಉಳಿದಿರುತ್ತದೆ. ಸಾಲ ಮೆಲ್ಲಗೆ ಬೆಳೆಯುತ್ತದೆ, ದೇಹ ಮೆಲ್ಲಗೆ ದಣಿಯುತ್ತದೆ, ಸಂಬಂಧ ಮೆಲ್ಲಗೆ ಸಡಿಲುತ್ತದೆ. ಈ ನಿಧಾನವೇ ಬದುಕು ನಮಗೆ ನೀಡುವ ದಾಕ್ಷಿಣ್ಯ. ಇಂದಿನ ಓಟಕ್ಕೆ ಮುನ್ನ ಒಮ್ಮೆ ಕಾಲಡಿಯನ್ನು ನೋಡಿಕೊಳ್ಳೋಣ. ನೆಲವಿದ್ದರೆ ನಿಶ್ಚಿಂತೆಯಿಂದ ನಡೆಯೋಣ. ಇಲ್ಲವೆಂದು ಕಂಡರೆ, ಸಂಕೋಚಪಡದೆ ಹಿಂದಿರುಗೋಣ.