ದಿನದ ಚಿಂತನೆ: ನೋವಿಗೆ ಹೆಸರಿಡುವವರು ಯಾರು?



ಮನಸ್ಸಿನ ನೋವಿಗೆ ಹೆಸರಿಡುವ ಹಕ್ಕು ಯಾರದು? ನೋವುಂಡವರದೋ, ಚಿಕಿತ್ಸೆ ಕೊಡುವವರದೋ? ಅಮೆರಿಕದ ಲ್ಯಾಟಿನೊ ಜನರ ಅನುಭವ ಇಟ್ಟುಕೊಂಡು ಇವತ್ತು ಯೋಚಿಸೋಣ. ಮೆಕ್ಸಿಕೊ, ಪೋರ್ಟೊ ರಿಕೊ, ಎಲ್ ಸಾಲ್ವಡಾರ್ ಮುಂತಾದ ಕಡೆ ಬೇರಿರುವ ಈ ಜನ ಅಲ್ಲಿನ 2020ರ ಜನಗಣತಿಯಲ್ಲಿ 6 ಕೋಟಿಗೂ ಹೆಚ್ಚಿದ್ದರು. ಬಹುಪಾಲು ಮನೆಗಳಲ್ಲಿ ಮಾತು ಸ್ಪ್ಯಾನಿಷ್.

ಅವರಲ್ಲಿ, ಮುಖ್ಯವಾಗಿ ಕೆರಿಬಿಯನ್ ದ್ವೀಪಗಳ ಕಡೆಯವರಲ್ಲಿ, 'ಅತಾಕೆ ದೆ ನೆರ್ವಿಯೋಸ್' ಎಂಬ ಮಾತಿದೆ. ನರಗಳ ದಾಳಿ ಎಂದು ಅರ್ಥ. ಮನೆಯಲ್ಲಿ ಸಾವಾದಾಗ, ಸಂಸಾರ ಒಡೆದಾಗ ಕಿರುಚಾಟ, ಅಳು, ನಡುಕ. ಎದೆಯಿಂದ ತಲೆಗೆ ಬಿಸಿ ಏರುತ್ತದೆ, ಕೆಲವರು ಬಿದ್ದೇಬಿಡುತ್ತಾರೆ. ಅವರ ನೆರೆಹೊರೆಗೆ ಇದು ಗೊತ್ತಿರುವ ಸಂಗತಿ. ಆದರೆ 1950ರ ದಶಕದಲ್ಲಿ ಪೋರ್ಟೊ ರಿಕೊ ಸೈನಿಕರಲ್ಲಿ ಇದನ್ನು ಕಂಡ ಅಮೆರಿಕ ಸೇನೆಯ ವೈದ್ಯರು 'ಪೋರ್ಟೊ ರಿಕನ್ ಸಿಂಡ್ರೋಮ್' ಎಂದು ಬರೆದರು. ಒಂದು ಜನಾಂಗದ ಹೆಸರೇ ಕಾಯಿಲೆಯ ಹೆಸರಾಯಿತು! ಹುಟ್ಟಿಗೇ ಕಳಂಕ ಹಚ್ಚುವುದೆಂದರೆ ಏನೆಂದು ನಮ್ಮ ಬಂಧುಗಳಿಗೆ ನಾನು ವಿವರಿಸಬೇಕಿಲ್ಲ.

1994ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಜನರಿಟ್ಟ ಹೆಸರನ್ನೇ ಸೇರಿಸಿಕೊಂಡಿತು. 2013ರ ಆವೃತ್ತಿಯಲ್ಲಿ 16 ಪ್ರಶ್ನೆಗಳ ಒಂದು ಸಂದರ್ಶನವೂ ಬಂತು. ನಿಮ್ಮ ತೊಂದರೆಯನ್ನು ನಿಮ್ಮವರ ಹತ್ತಿರ ಹೇಗೆ ಹೇಳುತ್ತೀರಿ, ಕಾರಣ ಏನೆಂದು ನಿಮಗನಿಸುತ್ತದೆ ಎಂದು ವೈದ್ಯರು ಕೇಳುತ್ತಾರೆ. ಕೇಳಿದರೆ ಸಾಲದು, ಭಾಷೆಯೂ ಬೇಕು. ದುಭಾಷಿ ಇಲ್ಲದ ಕಡೆ ಇಂಗ್ಲಿಷ್ ಕಲಿತ ಮಕ್ಕಳೇ ಹೆತ್ತವರ ಮಾತನ್ನು ವೈದ್ಯರಿಗೆ ದಾಟಿಸುತ್ತಾರೆ. ಬದುಕು ಸಾಕಾಗಿದೆ ಎಂಬುದನ್ನು ಒಬ್ಬ ತಾಯಿ ಹತ್ತು ವರ್ಷದ ಮಗಳ ಬಾಯಿಂದ ಹೇಳಿಸಿಯಾಳೇ? ನಿದ್ದೆ ಬರುವುದಿಲ್ಲ ಎಂದಷ್ಟೇ ಹೇಳಿ ಮನೆಗೆ ಬರುತ್ತಾಳೆ. 'ಪ್ರೊಮೊತೋರಾ' ಎಂಬ ಆರೋಗ್ಯ ಕಾರ್ಯಕರ್ತೆಯರು ಅಲ್ಲಿ ಮುಖ್ಯರಾಗುವುದು ಇದಕ್ಕೇ. ಅದೇ ಬೀದಿಯ ಹೆಂಗಸರು, ತರಬೇತಿ ಪಡೆದವರು, ಅಡುಗೆಮನೆಯಲ್ಲಿ ಕೂತು ಮಾತಾಡಬಲ್ಲವರು.

ಆದರೂ ನನ್ನದೊಂದು ತಕರಾರಿದೆ. 'ಸಂಸ್ಕೃತಿಯನ್ನು ಗೌರವಿಸಿ' ಎನ್ನುವ ಮಾತನ್ನು ಕಣ್ಣುಮುಚ್ಚಿ ಒಪ್ಪಲಾರೆ. ಕೊಳೆ ಬಟ್ಟೆಯನ್ನು ಮನೆಯಲ್ಲೇ ಒಗೆಯಬೇಕು ಎಂಬ ಗಾದೆ ಸ್ಪ್ಯಾನಿಷ್‌ನಲ್ಲಿದೆ. ಕಷ್ಟಕಾಲದಲ್ಲಿ ಕೈಹಿಡಿಯುವ ಅದೇ ಕುಟುಂಬ ಗಂಡನ ಹೊಡೆತ ತಿಂದವಳ ಬಾಯಿಯನ್ನೂ ಮುಚ್ಚಿಸಬಹುದು. ಆಗ ಗೌರವ ಕೊಡಬೇಕಾದದ್ದು ಗಾದೆಗಲ್ಲ, ಅವಳಿಗೆ.

ಇನ್ನೊಂದು ಮಾತು. ಎಲ್ ಸಾಲ್ವಡಾರ್‌ನ ಅಂತರ್ಯುದ್ಧದ ನಡುವೆ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ, ಜೆಸ್ಯೂಟ್ ಪಾದ್ರಿ ಇಗ್ನಾಸಿಯೊ ಮಾರ್ಟಿನ್ ಬಾರೊ, ಜನರ ಮನೋವೇದನೆಯ ಬೇರನ್ನು ತಲೆಯೊಳಗೆ ಮಾತ್ರ ಹುಡುಕಬೇಡಿ, ಸಮಾಜದ ಸಂಬಂಧಗಳಲ್ಲಿ ಹುಡುಕಿ ಎಂದು ವಾದಿಸಿದರು. 1989ರ ನವೆಂಬರ್ 16ರಂದು ಸರ್ಕಾರಿ ಸೈನಿಕರು ವಿಶ್ವವಿದ್ಯಾಲಯದ ಆವರಣದಲ್ಲೇ ಅವರನ್ನೂ ಇನ್ನೂ ಏಳು ಜನರನ್ನೂ ಕೊಂದರು. ಆ ಯುದ್ಧದಿಂದ ತಪ್ಪಿಸಿಕೊಂಡು ಲಕ್ಷಾಂತರ ಜನ ಅಮೆರಿಕಕ್ಕೆ ಬಂದರು. ಅವರಲ್ಲೊಬ್ಬಳು 'ನೆರ್ವಿಯೋಸ್' ಎಂದಾಗ, ಅದು ಅವರ ಸಂಸ್ಕೃತಿ ಎಂದು ಬರೆದು ಕಡತ ಮುಚ್ಚಿದರೆ ಯುದ್ಧವೇ ಮರೆಯಾಗುತ್ತದೆ. ಗಡೀಪಾರಿನ ಭಯದಿಂದ ನಿದ್ದೆಗೆಟ್ಟವಳಿಗೆ ಎಷ್ಟೇ ಚೆಂದದ ಸ್ಪ್ಯಾನಿಷ್‌ನಲ್ಲಿ ಸಮಾಧಾನ ಹೇಳಿದರೂ ಆ ಭಯದ ಕಾರಣ ಅಲ್ಲೇ ಇರುತ್ತದೆ. ಅವಳಿಗೆ ಒಬ್ಬ ವಕೀಲರೂ ಬೇಕು.