ಕೂಲಿ ಹಂಚುವ ಹೊತ್ತಿನಲ್ಲಿ



ಈ ಬೆಟ್ಟಕ್ಕೆ ಬಂದಿರುವ ನಿಮ್ಮಲ್ಲಿ ಬಹಳ ಜನ ಶಿವಾಜಿನಗರದ ಸಂತ ಮೇರಿಯ ಬಸಿಲಿಕಕ್ಕೂ ಹೋಗಿ ಬಂದವರೇ. ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ಕಾವಿ ಸೀರೆ ಉಟ್ಟು, ಮೊಂಬತ್ತಿ ಹಿಡಿದು, ಗಂಟೆಗಟ್ಟಲೆ ಸಾಲಿನಲ್ಲಿ ನಿಂತವರೂ ಇದ್ದೀರಿ. ಆ ದೇವಾಲಯದಿಂದ ಹೊರಗೆ ಬಂದು ಸ್ವಲ್ಪ ನಡೆದರೆ ರಸೆಲ್ ಮಾರುಕಟ್ಟೆ. ದೇವಾಲಯ ಪ್ರತಿಷ್ಠೆಯಾದದ್ದು 1882ರಲ್ಲಿ, ಮಾರುಕಟ್ಟೆ ಎದ್ದದ್ದು 1927ರಲ್ಲಿ. ಒಂದು ಕಡೆ ಗಂಟೆಯ ಸದ್ದು, ಇನ್ನೊಂದು ಕಡೆ ಹಣ್ಣು, ಹೂವು, ಮೀನು, ಮಾಂಸದ ವ್ಯಾಪಾರದ ಕೂಗಾಟ. ಪೂಜೆ ಮುಗಿಯಿತು, ಇನ್ನು ಸಂತೆ ಅಂತ ನಾವು ಎರಡನ್ನೂ ಬೇರೆ ಬೇರೆ ಮಾಡಿಕೊಂಡಿದ್ದೇವೆ. ಯೇಸುಸ್ವಾಮಿ ಹಾಗೆ ಮಾಡಲಿಲ್ಲ. ಸ್ವರ್ಗಸಾಮ್ರಾಜ್ಯ ಎಂಥದ್ದು ಎಂದು ಹೇಳಬೇಕಾದಾಗ ಪೇಟೆಯಲ್ಲಿ ಕೂಲಿಗೆ ಕಾದು ನಿಂತವರ ಕಥೆಯನ್ನೇ ಹೇಳಿದರು.

ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯದ ಆ ಸಾಮತಿ ನಿಮಗೆ ಗೊತ್ತಿದೆ. ದ್ರಾಕ್ಷಿತೋಟದ ಯಜಮಾನ ಬೆಳಗಿನ ಜಾವ ಕೆಲವರನ್ನು ಒಂದು ನಾಣ್ಯಕ್ಕೆ ಒಪ್ಪಿಸಿ ಕಳಿಸುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಪೇಟೆಗೆ ಹೋಗುತ್ತಾನೆ. ಸಂಜೆ ಐದಕ್ಕೂ ಅಲ್ಲಿ ಜನ ನಿಂತೇ ಇದ್ದಾರೆ. ಯಾಕೆ ನಿಂತಿದ್ದೀರಿ ಎಂದರೆ, ಯಾರೂ ಕರೆಯಲಿಲ್ಲ ಸ್ವಾಮಿ ಅನ್ನುತ್ತಾರೆ. ಇವರನ್ನು ಸೋಮಾರಿಗಳು ಎಂದು ಬೈಯುವ ಪ್ರಸಂಗಗಳನ್ನು ನೀವು ಕೇಳಿರಬಹುದು. ಅದು ತಪ್ಪು. ಹೊತ್ತು ಮುಳುಗುವ ತನಕ ಕೆಲಸಕ್ಕೆ ಕಾದವನು ಸೋಮಾರಿ ಹೇಗಾಗುತ್ತಾನೆ? ಮೂಟೆ ಹೊರುವವರು ಮಾರುಕಟ್ಟೆ ಬಾಗಿಲಲ್ಲಿ ಕಾಯುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಒಂದು ಹೊರೆ ಸಿಕ್ಕರೆ ಅವತ್ತು ಮನೆಯಲ್ಲಿ ಅನ್ನ, ಇಲ್ಲದಿದ್ದರೆ ಸಾಲ.

ಈಗ ಒಂದು ಮಾತು ಗಮನಿಸಿ. ದಿನವಿಡೀ ಆ ತೋಟದಲ್ಲಿ ಜಗಳ ನಡೆದ ಸುದ್ದಿಯೇ ಇಲ್ಲ. ಬೆಳಿಗ್ಗೆ ಬಂದವರೂ ಮಧ್ಯಾಹ್ನ ಬಂದವರೂ ಒಟ್ಟಿಗೆ ಗೊನೆ ಕೊಯ್ದರು. ಗೊಣಗಾಟ ಶುರುವಾದದ್ದು ಕೂಲಿ ಹಂಚುವಾಗ. ಅದೂ ತಮಗೆ ಕಡಿಮೆ ಬಂತು ಅಂತ ಅಲ್ಲ, ಪಕ್ಕದವನಿಗೂ ಅಷ್ಟೇ ಸಿಕ್ಕಿತು ಅಂತ!

ನಮ್ಮ ಧರ್ಮಕೇಂದ್ರಗಳಲ್ಲಿ ಏನಾಗುತ್ತದೆ ನೋಡಿ. ಹಬ್ಬಕ್ಕೆ ಚಪ್ಪರ ಹಾಕುವಾಗ, ದೊಡ್ಡ ಪಾತ್ರೆ ತೊಳೆಯುವಾಗ ನೀನು ಯಾವ ಭಾಷೆಯವನು ಅಂತ ಯಾರೂ ಕೇಳುವುದಿಲ್ಲ. ಕರಪತ್ರದಲ್ಲಿ ಯಾರ ಹೆಸರು ಮೊದಲು, ತೇರಿನ ಮುಂದೆ ಯಾರು ನಡೆಯಬೇಕು ಅನ್ನುವಾಗ ಕೇಳುತ್ತಾರೆ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನರ ಭಾಷೆಯಲ್ಲಿ ಪೂಜೆಗೆ ದಾರಿ ತೆರೆಯಿತು. ಅದು ದೊಡ್ಡ ವರ. ಕನ್ನಡದ ನೆಲದಲ್ಲಿ ಕನ್ನಡದಲ್ಲಿ ಪ್ರಾರ್ಥಿಸಬೇಕು ಎಂಬ ಆಸೆ ನ್ಯಾಯವಾದದ್ದೇ, ತಾಯಿ ಕಲಿಸಿದ ತಮಿಳಿನಲ್ಲಿ ಜಪಸರ ಹೇಳುವ ಅಜ್ಜಿಯದೂ ನ್ಯಾಯವೇ. ಆದರೂ ಬೆಂಗಳೂರಿನ ಕಥೋಲಿಕರಲ್ಲಿ ಪೂಜೆಯ ಭಾಷೆಗಾಗಿ ದಶಕಗಳ ಕಾಲ ಮನಸ್ತಾಪ ನಡೆದದ್ದು ಗುಟ್ಟೇನಲ್ಲ. ಪಕ್ಕದವನ ಪೂಜೆಗೂ ಒಂದು ಗಂಟೆ ಸಿಕ್ಕಿತಲ್ಲ ಅಂತ ಹೊಟ್ಟೆ ಉರಿದರೆ, ಅದು ದ್ರಾಕ್ಷಿತೋಟದ ಗೊಣಗಾಟವೇ.

ಥೆಸಲೋನಿಕದ ಸಭೆಯಲ್ಲಿ ಇನ್ನೊಂದು ರೋಗವಿತ್ತು. ಕರ್ತರ ದಿನ ಬಂದೇಬಿಟ್ಟಿತು ಅನ್ನುವ ಮಾತು ಆಗ ಹಬ್ಬಿತ್ತು. ಅಲ್ಲಿ ಕೆಲವರು ಕೆಲಸ ಮಾಡದೆ ಕೂತಿದ್ದರು, ಊರವರ ಮನೆ ವಿಚಾರವನ್ನೆಲ್ಲ ತಲೆಗೆ ಹಾಕಿಕೊಂಡಿದ್ದರು. ದುಡಿದು ನಿಮ್ಮ ಅನ್ನ ನೀವೇ ಉಣ್ಣಿ ಎಂದು ಪ್ರೇಷಿತ ಪೌಲರು ಕಟುವಾಗಿಯೇ ಬರೆದರು. ಅವರಿಗೆ ಹಾಗೆ ಬರೆಯುವ ಅಧಿಕಾರವೂ ಇತ್ತು. ಕೊರಿಂಥದಲ್ಲಿ ಅವರು ಡೇರೆ ಹೊಲಿಯುತ್ತಿದ್ದರು. ರೋಮಿನಿಂದ ಹೊರದಬ್ಬಿಸಿಕೊಂಡು ಬಂದ ಅಕ್ವಿಲ, ಪ್ರಿಸ್ಕಿಲ್ಲ ಎಂಬ ಗಂಡ ಹೆಂಡತಿಯದೂ ಅದೇ ಕಸುಬು. ಕಸುಬು ಒಂದೇ ಅಂತ ಒಂದೇ ಮನೆಯಲ್ಲಿ ಇದ್ದರು. ಮುಂದೆ ಆ ದಂಪತಿಗಳ ಮನೆಯಲ್ಲೇ ವಿಶ್ವಾಸಿಗಳು ಸಭೆ ಸೇರಿದರು.

ರಸೆಲ್ ಮಾರುಕಟ್ಟೆಯಲ್ಲೂ ಇಂಥದ್ದೇ ಒಂದು ಪಾಠವಿದೆ, ಅದೂ ಧರ್ಮದ ಗಡಿ ದಾಟಿ. ಮುಸಲ್ಮಾನರು, ಹಿಂದೂಗಳು, ಕ್ರೈಸ್ತರು ಅಲ್ಲಿ ಅಕ್ಕಪಕ್ಕ ವ್ಯಾಪಾರ ಮಾಡುತ್ತಾರೆ. ಕನ್ನಡ, ಉರ್ದು, ತಮಿಳು ಒಂದೇ ಉಸಿರಲ್ಲಿ ಬರುತ್ತದೆ. 2012ರ ಫೆಬ್ರವರಿಯಲ್ಲಿ ಅಲ್ಲಿ ಬೆಂಕಿ ಬಿದ್ದು ಎಷ್ಟೋ ಅಂಗಡಿಗಳು ಸುಟ್ಟುಹೋದವು. ಬೆಂಕಿ ಇದು ಯಾರ ಅಂಗಡಿ ಅಂತ ಕೇಳಲಿಲ್ಲ. ಅಲ್ಲಿ ಯಾವ ವ್ಯಾಪಾರಿಯ ಹತ್ತಿರವಾದರೂ ಗಿರಾಕಿ ಮೊದಲು ನೋಡುವುದು ತಕ್ಕಡಿಯ ಮುಳ್ಳನ್ನು, ಈಗಿನ ಮಿಷನ್ನಿನಲ್ಲಾದರೆ ಅಂಕಿಯನ್ನು. ಸುಳ್ಳು ತೂಕ ದೇವರಿಗೆ ಅಸಹ್ಯವೆಂದು ಜ್ಞಾನೋಕ್ತಿಗಳ ಗ್ರಂಥವೂ ಎಚ್ಚರಿಸುತ್ತದೆ.

ಈಗ ನೀವು ಬೆಟ್ಟದ ಮೇಲಿದ್ದೀರಿ, ಕೈಯಲ್ಲಿ ಕಾಣಿಕೆ ಇದೆ. ಸಹೋದರನಿಗೆ ನಿನ್ನ ಮೇಲೆ ಅಸಮಾಧಾನವಿದ್ದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ರಾಜಿಯಾಗು ಎಂದರು ಪ್ರಭು. ಕೇಳುತ್ತಿದ್ದವರಲ್ಲಿ ಗಲಿಲೇಯದ ಜನರೂ ಇದ್ದರು. ಜೆರುಸಲೇಮಿನ ಪೀಠದಿಂದ ಅವರ ಊರಿಗೆ ಕಾಲ್ನಡಿಗೆಯಲ್ಲಿ ಕೆಲವು ದಿನಗಳ ದಾರಿ. ಅಷ್ಟು ದೂರ ಹಿಂದಕ್ಕೆ ಹೋಗಿ ಬಾ ಎಂದ ಹಾಗಾಯಿತು! ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕೆಂದು ಮೋಶೆಯ ಕಟ್ಟಳೆಯೂ ಇದೆ. ನಿಮ್ಮ ಕೈಕೆಳಗೆ ದುಡಿದ ಯಾರಿಗಾದರೂ ಬಾಕಿ ಉಳಿಸಿಕೊಂಡು ಬಂದಿದ್ದರೆ, ಧರ್ಮಕೇಂದ್ರದಲ್ಲಿ ಯಾರ ಜೊತೆಯಾದರೂ ಮಾತು ಬಿಟ್ಟಿದ್ದರೆ, ಜೇಬಿನಲ್ಲಿ ಮೊಬೈಲ್ ಇದೆಯಲ್ಲ. ಮೊಂಬತ್ತಿ ಹಚ್ಚುವ ಮೊದಲು ಒಂದು ಫೋನು ಮಾಡಿ. ಸಾಲಿನಲ್ಲಿ ಹಿಂದೆ ನಿಂತವರು ಮುಂದೆ ಹೋಗಲಿ ಬಿಡಿ.