ಕೈಗೆ ಬಂದ ಸೀಟಿನ ದಿಂಬು

ಕೈಲಾದದ್ದಕ್ಕಿಂತ ಹೆಚ್ಚನ್ನೇ ಮಾಡಿದ ಮನುಷ್ಯನೊಬ್ಬ, ಆಗದೆ ಉಳಿದ ಒಂದು ಸಂಗತಿಗಾಗಿ ತನ್ನನ್ನೇ ದೂರಿಕೊಳ್ಳುವುದು ಸರಿಯೆ? ಈ ಪ್ರಶ್ನೆ ಎದುರಾದಾಗಲೆಲ್ಲ ನಮಗೆ ನೆನಪಾಗುವುದು ಅರ್ಮೇನಿಯಾದ ಈಜುಗಾರ ಶಾವರ್ಶ್ ಕರಪೇತ್ಯಾನ್.

1953ರಲ್ಲಿ ಹುಟ್ಟಿದ ಶಾವರ್ಶ್ ಮೊದಲು ಮಾಮೂಲಿ ಈಜಿನಲ್ಲಿದ್ದು, ಆಮೇಲೆ ಫಿನ್ ಈಜಿಗೆ ಹೊರಳಿದವರು. ಕಾಲಿಗೆ ಮೀನಿನ ಬಾಲದಂತಹ ರೆಕ್ಕೆ ಹಾಕಿಕೊಂಡು ನೀರಿನ ಮೇಲೂ ಒಳಗೂ ಈಜುವ ಆಟ ಅದು. ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಜಾಗವಿಲ್ಲ. ಹಾಗಾಗಿ ನಮ್ಮಲ್ಲಿ ಅದರ ಹೆಸರು ಕೇಳಿದವರೂ ಕಡಿಮೆ. ಆ ಆಟದಲ್ಲಿ ಅವರು 11 ಬಾರಿ ವಿಶ್ವದಾಖಲೆ ಬರೆದರು.

1976ರ ಸೆಪ್ಟೆಂಬರ್ 16ರಂದು ಅವರು ತಮ್ಮ ಕಾಮೋ ಜೊತೆ ಯೆರೆವಾನ್ ಸರೋವರದ ಬಳಿ 20 ಕಿಲೋಮೀಟರ್ ಓಟದ ಅಭ್ಯಾಸ ಮುಗಿಸುತ್ತಿದ್ದರು. ಕಣ್ಣೆದುರೇ ಟ್ರಾಲಿ ಬಸ್ಸೊಂದು ರಸ್ತೆ ತಪ್ಪಿ ನೀರಿಗೆ ಬಿತ್ತು. ಒಳಗಿದ್ದವರು 92 ಮಂದಿ. ಬಸ್ಸು ಸುಮಾರು 10 ಮೀಟರ್ ಆಳಕ್ಕೆ ಇಳಿದುಹೋಯಿತು. ಕೆಸರು ಎದ್ದು ಕಣ್ಣಿಗೆ ಏನೂ ಕಾಣದು. ಶಾವರ್ಶ್ ಹಿಂದಿನ ಗಾಜನ್ನು ಕಾಲಿನಿಂದ ಒದ್ದು ಒಡೆದರು. ಗಾಜಿನ ಚೂರು ಮೈ ಸೀಳಿತು. ಆಮೇಲೆ ಕೈಯಿಂದ ತಡಕುವುದು, ಸಿಕ್ಕವರನ್ನು ಮೇಲಕ್ಕೆ ತಂದು ತಮ್ಮನಿಗೆ ಒಪ್ಪಿಸುವುದು, ಮತ್ತೆ ಮುಳುಗುವುದು. ಹಾಗೆ ತಂದವರಲ್ಲಿ 20 ಜನ ಬದುಕಿಕೊಂಡರು.

ಒಂದು ಸಲ ಮಾತ್ರ ಮೇಲೆ ಬಂದು ನೋಡಿದರೆ ಕೈಯಲ್ಲಿದ್ದುದು ಸೀಟಿನ ದಿಂಬು. ಅದರ ಬದಲು ಒಂದು ಜೀವ ಬರಬಹುದಿತ್ತು ಎಂಬ ಕೊರಗು ಅವರನ್ನು ಬಿಡಲಿಲ್ಲ. ಆ ದಿಂಬು ಬಹಳ ಕಾಲ ಕನಸಿನಲ್ಲಿ ಬರುತ್ತಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ.

ಕಥೆ ಬರೆಯುವ ನಮಗೆ, ನಿಜ ಹೇಳಬೇಕೆಂದರೆ, ದಾಖಲೆಗಳಿಗಿಂತ ಈ ದಿಂಬೇ ದೊಡ್ಡದು. ಯಾವ ನ್ಯಾಯಾಲಯವೂ ಅವರನ್ನು ತಪ್ಪಿತಸ್ಥ ಎನ್ನದು. ಕತ್ತಲ ನೀರಿನಲ್ಲಿ, ಉಸಿರು ಮುಗಿಯುವ ಹೊತ್ತಿನಲ್ಲಿ, ಕೈಗೆ ಸಿಕ್ಕಿದ್ದು ಏನೆಂದು ಯಾರಿಗೆ ತಿಳಿಯುತ್ತದೆ? ಆದರೂ ‘ನಿಮ್ಮದೇನೂ ತಪ್ಪಿಲ್ಲ ಬಿಡಿ’ ಎಂದು ಸಮಾಧಾನ ಹೇಳಲು ನಮಗೆ ಬಾಯಿ ಬರುವುದಿಲ್ಲ. ಈಜು ಬಾರದೆ ದಡದಲ್ಲಿ ನಿಂತವನಿಗೆ ಯಾವ ಲೆಕ್ಕವೂ ಇಲ್ಲ. ಬಲ್ಲವನಿಗೆ ಮಾತ್ರ ಒಂದು ಖಾತೆ ತೆರೆದುಕೊಳ್ಳುತ್ತದೆ. ನೀರಿಗೆ ಇಳಿಯದೆ ಇದ್ದಿದ್ದರೆ ಅವರ ಕೈಗೆ ಆ ದಿಂಬೂ ಬರುತ್ತಿರಲಿಲ್ಲ.

ನಮ್ಮ ವಿಷಯ ನೋಡಿ. ರಸ್ತೆಯಲ್ಲಿ ಯಾರೋ ಬಿದ್ದಿರುತ್ತಾರೆ; ಯಾರಾದರೂ ನೋಡಿಕೊಳ್ಳುತ್ತಾರೆ, ಪೊಲೀಸರು ಬರುತ್ತಾರೆ ಎಂದುಕೊಂಡು ಮುಂದೆ ಸಾಗುತ್ತೇವೆ. ರಾತ್ರಿ ನಿದ್ದೆಗೇನೂ ಕೊರತೆಯಿಲ್ಲ. ಏನೂ ಮಾಡದವರ ಕನಸಿಗೆ ಬರಲು ದಿಂಬಾದರೂ ಎಲ್ಲಿಂದ ಬರಬೇಕು?

ಹಾಗೆಂದು ಈ ಕೊರಗನ್ನು ಇನ್ನೊಬ್ಬರ ಮೇಲೆ ಹೊರಿಸುವುದು ಕ್ರೌರ್ಯ. ‘ಇಪ್ಪತ್ತೊಂದನೆಯವನನ್ನು ಯಾಕೆ ತರಲಿಲ್ಲ’ ಎಂದು ಶಾವರ್ಶ್‌ರನ್ನು ಕೇಳುವ ಹಕ್ಕು ಯಾರಿಗೂ ಇಲ್ಲ. ಆ ಪ್ರಶ್ನೆ ಅವರಿಗೆ ಅವರೇ ಹಾಕಿಕೊಳ್ಳಬಹುದಾದದ್ದು. ಊರಿಗೆಲ್ಲ ಒಳ್ಳೆಯದು ಮಾಡುವವರನ್ನೇ ಸಾಲದೆಂದು ಜಗ್ಗುವ ನಮ್ಮ ಚಾಳಿ ಗೊತ್ತಿದ್ದರಿಂದ ಈ ಮಾತು ಹೇಳಬೇಕಾಯಿತು.

ಆ ದಿನದ ಬೆಲೆ ಅವರು ದೇಹದಿಂದಲೇ ತೆತ್ತರು. ನ್ಯುಮೋನಿಯ, ಜೊತೆಗೆ ರಕ್ತಕ್ಕೆ ಏರಿದ ನಂಜು. 45 ದಿನ ಆಸ್ಪತ್ರೆ. ಶ್ವಾಸಕೋಶ ಮೊದಲಿನಂತಾಗಲಿಲ್ಲ. ಹಟ ಹಿಡಿದು ಮರಳಿ ಬಂದು 1977ರಲ್ಲಿ ಮತ್ತೊಂದು ವಿಶ್ವದಾಖಲೆ ಬರೆದು ಸ್ಪರ್ಧೆಯಿಂದ ದೂರ ಸರಿದರು. ಸರೋವರದಲ್ಲಿ ಅವರು ಮಾಡಿದ್ದು ಸೋವಿಯತ್ ದೇಶಕ್ಕೆಲ್ಲ ತಿಳಿದದ್ದು 1982ರಲ್ಲಿ, ‘ಕೊಮ್ಸೊಮೊಲ್ಸ್ಕಯಾ ಪ್ರಾವ್ದಾ’ ಪತ್ರಿಕೆ ಬರೆದಾಗ. ಸಾವಿರಾರು ಪತ್ರಗಳು ಬಂದವು. ಅದಕ್ಕೆ ಮೊದಲಿನ ಆರು ವರ್ಷ ಹೊಗಳಿಕೆಯೂ ಇರಲಿಲ್ಲ, ಹಾರವೂ ಇರಲಿಲ್ಲ. ಆ ದಿಂಬಿನ ಕನಸು ಮಾತ್ರ ಇತ್ತು.

ಇಂಥ ಕೊರಗು ಮನುಷ್ಯನನ್ನು ಕುಗ್ಗಿಸುತ್ತದೆ, ಮರೆಯುವುದೇ ಮೇಲು ಎನ್ನುವವರಿದ್ದಾರೆ. 1985ರ ಫೆಬ್ರವರಿಯಲ್ಲಿ ಯೆರೆವಾನ್‌ನ ಕ್ರೀಡಾ ಮತ್ತು ಸಂಗೀತ ಭವನಕ್ಕೆ ಬೆಂಕಿ ಬಿತ್ತು. ಶಾವರ್ಶ್ ಹತ್ತಿರದಲ್ಲೇ ಇದ್ದರು. ಒಳಗೆ ನುಗ್ಗಿ ಜನರನ್ನು ಹೊರಗೆ ತಂದರು. ಸುಟ್ಟ ಗಾಯಗಳೊಂದಿಗೆ ಮತ್ತೆ ಆಸ್ಪತ್ರೆ ಸೇರಿದರು.